ವ್ಯಾನಿನ ಬೆನ್ನ ಮೇಲಿನ ಯಲ್ಲಾಪುರ

ಶಿರಸಿಯ ದಾದಾಸಾಬರಿಗೆ ಓದು ಬರುತ್ತಿರಲಿಲ್ಲ. ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಬರೆದವರು ಮಾತ್ರ ಅವರೇ! ಚೀಟಿಯಲ್ಲಿ ಇದ್ದದ್ದನ್ನು ನೋಡಿ ಚಿತ್ರ ಬರೆದ ಹಾಗೆ ಹಲಗೆಗೆ ಇಳಿಸುತ್ತಿದ್ದರು, ಒಂದೇ ಒಂದು ತಪ್ಪು ಹುಡುಕಿ ತೋರಿಸಿ ನೋಡುವಾ. ಮೂವತ್ತು ವರ್ಷ ಹೀಗೇ ಬದುಕಿದರು. ಮನಸ್ಸು ಮಾತ್ರ ಅಕ್ಷರದಲ್ಲಿರಲಿಲ್ಲ, ಗುಡ್ಡ ಬೆಟ್ಟಗಳಲ್ಲಿತ್ತು.

ಹುಬ್ಬಳ್ಳಿಯಿಂದ ಬರುವ ಡಬ್ಬಿ ಬಣ್ಣ ಬೋರ್ಡಿಗೇನೋ ಸರಿ. ಅದರ ಹಸಿರನ್ನೇ ಗುಡ್ಡದ ಚಿತ್ರಕ್ಕೆ ಬಳಿದರೆ ಗಿಳಿಯ ಹಿಂಡು ಕೂತ ಹಾಗೆ ಕಾಣುತ್ತಿತ್ತು. ಆದ್ದರಿಂದ ಪುಣ್ಯಾತ್ಮ ಅಡುಗೆಮನೆಗೇ ನುಗ್ಗಿದರು. ಅರಿಶಿನ, ಸುಣ್ಣ, ಒಲೆಯ ಮಸಿ, ಭತ್ತದ ಹೊಟ್ಟು, ಯಾವುದೂ ಉಳಿಯಲಿಲ್ಲ. ಗೋಂದಿನಲ್ಲಿ ಕಲಸುವುದು, ಹಳೇ ಹಲಗೆಗೆ ಮೆತ್ತುವುದು, ಒಣಗಿದ ಮೇಲೆ ಹೆಂಡತಿಗೆ ತೋರಿಸುವುದು. ಹೆಂಡತಿ ಬದ್ರುನ್ನಿಸಾ ಯಲ್ಲಾಪುರದವರು. ಮೊಣಕಾಲು ನೋವು, ಎತ್ತಿನ ಗಾಡಿಯ ಕುಲುಕಾಟ ತಾಳದೆ ಆರು ವರ್ಷದಿಂದ ತವರಿನ ಮುಖ ನೋಡಿರಲಿಲ್ಲ.

"ಇದ್ಯಾವ ಊರಿನ ಗುಡ್ಡ? ನಮ್ಮ ಯಲ್ಲಾಪುರದ್ದಂತೂ ಅಲ್ಲ ಬಿಡಿ" ಎಂದು ಪ್ರತಿ ಸಲವೂ ಮುಖ ತಿರುಗಿಸುತ್ತಿದ್ದರು. ಈ ಮಾರಾಯ್ತಿಯ ಬಾಯಿಂದ ಒಂದು ಸಲ 'ಹೌದು' ಅನ್ನಿಸಿದರೆ ಸಾಕೆಂದು ದಾದಾಸಾಬರು ಹಲ್ಲು ಕಚ್ಚಿ ಮತ್ತೆ ಕಲಸಲು ಕೂರುತ್ತಿದ್ದರು.

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಮಳೆಗಾಲದ ಬಾಗಿಲಲ್ಲಿ ನೂರ್ ಅಹ್ಮದ್ ಎಂಬ ತರುಣ ಶಿರಸಿ–ಯಲ್ಲಾಪುರ ಮಧ್ಯೆ ಓಡಿಸಲು ಒಂದು ಮೋಟಾರು ವ್ಯಾನು ತಂದ. "ಚಾಚಾ, ಹಿಂದಿನ ತಗಡಿಗೆ ಒಂದು ಒಳ್ಳೇ ಸೀನರಿ ಬರೆದುಕೊಡಿ. ಶುಕ್ರವಾರ ಮೊದಲ ಟ್ರಿಪ್ಪು" ಎಂದ. ದಾದಾಸಾಬರ ಹತ್ತಿರ ಯಾರಾದರೂ ಚಿತ್ರ ಕೇಳಿದ್ದು ಅದೇ ಮೊದಲು.

ಸಂಜೆ ಬಿಸಿಲಿನ ಕೆಂಗಂದು ಗುಡ್ಡ ಅವರ ಕಣ್ಣಲ್ಲಿ ಕೂತಿತ್ತು. ವಾನಳ್ಳಿಯಿಂದ ಸೊಪ್ಪು ಮಾರಲು ಬರುವ ದುರ್ಗಮ್ಮನ ಹತ್ತಿರ ಒಂದು ಗಡಿಗೆ ಚೊಗರು ತರಿಸಿಕೊಂಡರು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ದಪ್ಪ ಕೆಂಪು ರಸ ಅದು. ಬಣ್ಣ ಚೆನ್ನಾಗಿ ಹಿಡಿಯಲೆಂದು ತಗಡನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ಬುಧವಾರ ಸಂಜೆ ಗುಡ್ಡಸಾಲಿನ ಉದ್ದಕ್ಕೂ ಮೂರು ಸಲ ಬಳಿದರು. ಮಲಗುವಾಗ ಹಾಡು ಗುನುಗುತ್ತಿದ್ದರಂತೆ.

ಬೆಳಗ್ಗೆ ನೋಡಿದರೆ ಗುಡ್ಡವೆಲ್ಲ ಕಪ್ಪು!

"ಯಾ ಅಲ್ಲಾ! ಇದೆಂತ ಚಾಚಾ, ನನ್ನ ಹೊಸ ಗಾಡಿಗೆ ಮಸಿ ಬಳಿದು ಇಟ್ಟಿದ್ದೀರಲ್ಲ!" ನೂರ್ ಅಹ್ಮದ್ ತಲೆ ಮೇಲೆ ಕೈ ಹೊತ್ತ. "ಕೆರೆದು ಹಾಕಿ. ಊರ ಹೆಸರು ಬರೆದರೆ ಸಾಕು."

ಸೊಪ್ಪಿನ ಬುಟ್ಟಿ ಇಳಿಸಿದ ದುರ್ಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಸಾಬ್ರೇ, ಕಬ್ಬಿಣಕ್ಕೆ ಯಾರಾದ್ರೂ ಚೊಗರು ಮುಟ್ಸ್ತ್ರಾ? ಕಪ್ಪಾಗ್ದೆ ಇರ್ತದಾ? ಅದ್ಕೇ ಅಲ್ದಾ ತಾಮ್ರದ ಹಂಡೇಲಿ ಅಡಕೆ ಬೇಯ್ಸೂದು! ಸುಲಿಯೋ ಕಾಲದಾಗೆ ಕತ್ತಿ ಹಿಡ್ದ ನನ್ನ ಕೈಯೂ ಇದೇ ಬಣ್ಣ."

ದಾದಾಸಾಬರು ಕೆರೆಯುವ ಉಳಿ ತೆಗೆದುಕೊಂಡರು. ಕೈ ಏಳಲಿಲ್ಲ, ಪಾಪ. ಆ ಹೊತ್ತಿಗೆ ಬದ್ರುನ್ನಿಸಾ ಕುಂಟುತ್ತಾ ಹೊರಗೆ ಬಂದರು. ವ್ಯಾನಿನ ಹಿಂದೆ ನಿಂತವರು ಕದಲಲೇ ಇಲ್ಲ. ಬರಿಯ ಕಪ್ಪಲ್ಲ ಅದು, ನೀಲಿ ಬೆರೆತ ಕಪ್ಪು.

"ಉಳಿ ಕೆಳಗಿಡಿ" ಎಂದರು. "ಮಿರಗದ ಮೊದಲ ಮಳೆ ಬೀಳೋಕೆ ಮುಂಚೆ ನಮ್ಮ ಹಿತ್ತಲಿಂದ ಗುಡ್ಡ ಹೀಗೇ ಕಾಣ್ತಿತ್ತು." ಗಂಡನ ಮುಖ ಅರಳುವಷ್ಟರಲ್ಲಿ, "ಆದರೆ ರಸ್ತೆ ಎಲ್ಲಿ? ರಸ್ತೆಯೇ ಇಲ್ಲದ್ದು ನಮ್ಮೂರು ಹೇಗಾಗ್ತದೆ?" ಎಂದುಬಿಟ್ಟರು. ಎಂಥ ಹೆಂಗಸಪ್ಪಾ!

ಗುಡ್ಡದ ಬುಡದಲ್ಲಿ ಒಂದು ಪಟ್ಟಿ ಖಾಲಿಯೇ ಇತ್ತು. ಡಬ್ಬಿಯ ಕೆಂಪು ಹಚ್ಚಿದರೆ ಕುಂಕುಮ ಚೆಲ್ಲಿದ ಹಾಗಾಗುತ್ತದೆ. ಊರ ಮಣ್ಣನ್ನೇ ಎಣ್ಣೆಯಲ್ಲಿ ಕಲಸಿದರೂ ಒಣಗಿ ಮಂಕಾಗುತ್ತಿತ್ತು. "ಅದೊಂದು ನನ್ನ ಕೈಗೆ ಹತ್ತಲಿಲ್ಲ ಕಣೇ" ಎಂದು ಒಪ್ಪಿಕೊಂಡು, ದಾದಾಸಾಬರು ಗುಡ್ಡದ ಮೇಲೆ ವಾರ್ನಿಷ್ ಎಳೆದರು. ಚಾಚಿಯ ಮಾತು ಮೀರಲಾರದೆ ನೂರ್ ಅಹ್ಮದ್, "ಒಂದು ಟ್ರಿಪ್ಪು ನೋಡ್ತೇನೆ. ಜನ ನಕ್ಕರೆ ನಾನೇ ಕೆರೀತೇನೆ" ಎಂದ.

ಶುಕ್ರವಾರ ದಾರಿಯಲ್ಲೇ ಮೊದಲ ಮಳೆ ಹಿಡಿಯಿತು. ಸಂಜೆ ವ್ಯಾನು ಬಂದು ನಿಂತಾಗ ದಾದಾಸಾಬರು ಜಗಲಿಯಿಂದ ಇಳಿಯಲೂ ಹೆದರಿದರು. ನೂರ್ ಅಹ್ಮದ್ ಬಾಲ್ದಿ ನೀರು ಹಿಡಿದು ಹಿಂದಕ್ಕೆ ಹೋದವನು, "ಚಾಚಾ, ಬನ್ನಿ ಇಲ್ಲಿ!" ಎಂದು ಕೂಗಿದ.

ಗಾಲಿ ಎರಚಿದ ಕೆಸರು ಖಾಲಿ ಪಟ್ಟಿಯ ತುಂಬ ಕೂತಿತ್ತು. ಹಸಿ ಕೆಂಪು, ಅಲ್ಲಲ್ಲಿ ಗರಸು, ಒಂದು ಕಡೆ ಒಣ ಹುಲ್ಲಿನ ಎಸಳು. ಮೂವತ್ತು ವರ್ಷ ಹುಡುಕಿದ ಬಣ್ಣ, ಅವರ ಕೈ ಸೋಕದೆಯೇ ಗುಡ್ಡದ ಬುಡಕ್ಕೆ ಬಂದಿತ್ತು. ನೂರ್ ಅಹ್ಮದ್ ತೊಳೆಯಲೆಂದು ತಂದ ಬಾಲ್ದಿ ನೀರನ್ನು ಚರಂಡಿಗೆ ಚೆಲ್ಲಿ, ಬಾಗಿಲಿಗೆ ಬಂದಿದ್ದ ಬದ್ರುನ್ನಿಸಾ ಕಡೆ ತಿರುಗಿದ.

"ಚಾಚೀ, ಬರೋ ಶುಕ್ರವಾರ ಮುಂದಿನ ಸೀಟು ನಿಮಗೇ. ಎತ್ತಿನ ಗಾಡಿಯಷ್ಟು ಕುಲುಕೂದಿಲ್ಲ."

"ಮುಂದೆ ಕೂತರೆ ಇವರ ಚಿತ್ರ ನಂಗೆ ಕಾಣ್ತದಾ?" ಎಂದು ಕೇಳಿದ ಬದ್ರುನ್ನಿಸಾ ಹತ್ತಿರ ಬಂದು, ಆ ರಸ್ತೆಯ ಮೇಲೆ ಅಂಗೈ ಇಟ್ಟರು. ತುಸು ಹೊತ್ತು ತೆಗೆಯಲಿಲ್ಲ. ಆಮೇಲೆ, "ಹೌದು ರೀ. ನಮ್ಮೂರೇ" ಎಂದರು.

ದಾದಾಸಾಬರು ಕಣ್ಣೊರೆಸಿಕೊಂಡು ಒಳಗೋಡಿ, ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದರು. ಬದ್ರುನ್ನಿಸಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಇರಲಿ, ಈಗಲೇ ಬೇಡ" ಎಂದರು.