ಡ್ರಮ್ಮಿಗೆ ಹೋದ ಕ್ಯಾಸೆಟ್ ಡಬ್ಬಿಗಳು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆಫೀಸಿಗೆ ಎರಡು ತಿಂಗಳು ರಜೆ ಹಾಕಿ ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಶೆಡ್ಡು ಹಿಡಿದರು. ಬೋರ್ಡು ಬರೆಯುವ ಅಂಗಡಿಗಳು ಎಸೆದ ಅಕ್ರಿಲಿಕ್ ಚೂರುಗಳನ್ನು ಮುಚ್ಚಿದ ಡ್ರಮ್ಮಿನಲ್ಲಿ ಕಾಯಿಸಿದರೆ ಆವಿ ಏಳುತ್ತದೆ. ಅದು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆ ಹಾದು, ಪ್ಲಾಸ್ಟಿಕ್ ಆಗುವ ಮುಂಚೆ ಯಾವ ದ್ರವವಾಗಿತ್ತೋ ಮತ್ತೆ ಅದೇ ಆಗಿ ಕ್ಯಾನಿಗೆ ಇಳಿಯುತ್ತದೆ. ಅದರಿಂದ ಅಂಗಿಯ ಗುಂಡಿ ಮಾಡಬಹುದು. ಹನುಮಂತನಗರದ ಗುಂಡಿ ಸಾಹುಕಾರರೊಬ್ಬರು ಶನಿವಾರ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಭಾವ ರಾಜೀನಾಮೆ ಕೊಡುವುದು, ಇಲ್ಲದಿದ್ದರೆ ರಜೆ ಮುಗಿದು ಸೋಮವಾರ ಮತ್ತೆ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಲ್ಲುವುದು.

ಚೂರು ಆರಿಸುವ ಕೆಲಸ ನನ್ನದು. ಡಿಗ್ರಿ ಮುಗಿಸಿಯೂ ಕಂಡವರ ದನಿ ಅನುಕರಿಸುವುದು ಬಿಟ್ಟು ಬೇರೇನೂ ಬಾರದವನಿಗೆ ಹೇಳಿ ಮಾಡಿಸಿದ ಉದ್ಯೋಗ, ಏಕೆಂದರೆ ಆರಿಸುವುದು ಕಿವಿಯಿಂದ. ಚಪ್ಪಡಿಯ ಮೇಲೆ ಬೀಳಿಸಿದರೆ ಅಕ್ರಿಲಿಕ್ ‘ಟಕ್’ ಎಂದು ಸುಮ್ಮನಾಗುತ್ತದೆ. ಕ್ಯಾಸೆಟ್ ಡಬ್ಬಿಯ ಪ್ಲಾಸ್ಟಿಕ್ ನೋಡಲು ಹಾಗೆಯೇ ಇದ್ದರೂ ‘ಟಣ್’ ಎನ್ನುತ್ತದೆ. ಅದು ಸೇರಿದರೆ ಇಡೀ ಕ್ಯಾನು ಕೆಟ್ಟಂತೆ; ಕಣ್ಣಿಗೆ ಗೊತ್ತಾಗುವುದಿಲ್ಲ, ವಾಸನೆ ಮಾತ್ರ ಬೇರೆ.

ಶನಿವಾರ ಬೆಳಿಗ್ಗೆ ನಾನು ಭಾವನ ಮ್ಯಾನೇಜರ್ ಆಗಿದ್ದೆ. “ಏನ್ರೀ, ಗುಂಡಿ ಮಾಡೋರು ನೀವು, ನಿಮ್ಮ ಅಂಗಿಗೇ ಗುಂಡಿ ಇಲ್ವಲ್ರೀ” ಎಂದು ಮೂಗಿನಲ್ಲಿ ಗದರಿಸುತ್ತ ಚೂರು ಬೀಳಿಸುತ್ತಿದ್ದೆ. ತಿಂಡಿ ತಂದಿದ್ದ ಅಕ್ಕ ನಕ್ಕಳು. ನಗುವವರಿದ್ದರೆ ನನ್ನ ಬಾಯಿ ನಿಲ್ಲುವುದಿಲ್ಲ. ಮುಚ್ಚಳ ಬಿಗಿದು ಬೆಂಕಿ ಹಾಕಿದ ಮೇಲೆ ನೋಡುತ್ತೇನೆ, ಹತ್ತಾರು ಮುರುಕು ಡಬ್ಬಿಗಳಿದ್ದ ಮೂಟೆಯಿಂದ ನಾನು ಬೇರೆ ತೆಗೆದಿಟ್ಟದ್ದು ಎರಡೇ.

ಬಾಗಿಲಿಗೆ ಹೋದೆ, ಬಂದೆ. ಕೊಳವೆ ಮುಟ್ಟಿ ನೋಡಿದೆ. ಮತ್ತೆ ಬಾಗಿಲಿಗೆ ಹೋದೆ.

“ಭಾವ, ಡಬ್ಬಿ ಸೇರ್ಕೊಂಡಿದೆ ಅನ್ಸುತ್ತೆ.”

“ಇದ್ಯಾರ ವಾಯ್ಸು?”

“ನಂದೇ.”

“ಸಪ್ಪೆ ಇದೆ. ಮ್ಯಾನೇಜರ್‌ದೇ ಮಾಡು.”

ಇನ್ನೊಮ್ಮೆ ಹೇಳಬೇಕಿತ್ತು. ಅಷ್ಟರಲ್ಲಿ ಮೊದಲ ಹನಿ ಬಿತ್ತು. ಭಾವ ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು.

ಬಂದ ಸಾಹುಕಾರರಿಗೆ ನೆಗಡಿ. ಕ್ಯಾನಿನಿಂದ ಭಾವ ತುಂಬಿಸಿಕೊಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು, “ಚೆನ್ನಾಗೇ ಇದೆಯಲ್ರೀ, ನೀರಿದ್ದಂಗೆ” ಎಂದರು. ಭಾವ ಕುರ್ಚಿ ಎಳೆದು ಹಾಕಿದರು.

“ಮೂಸಿ ನೋಡಿ ಸಾರ್” ಎಂದೆ ನಾನು.

“ಮೂಗು ಕಟ್ಟಿದೆ ಕಣಪ್ಪ.”

“ಹಾಗಾದ್ರೆ ತಗೊಂಡು ಹೋಗ್ಬೇಡಿ ಸಾರ್. ಕ್ಯಾಸೆಟ್ ಡಬ್ಬಿ ಬೆರೆತಿದೆ. ಆರಿಸಿದ್ದು ನಾನೇ.”

ಸಾಹುಕಾರರು ನಕ್ಕು ಭಾವನ ಕಡೆ ತಿರುಗಿದರು. ಭಾವ ನಗಲಿಲ್ಲ. ಬಾಟಲಿ ಇಸಿದುಕೊಂಡು ಹೊರಗೆ ಹೋಗಿ ಮೂಸಿದರು. ಒಳಗೆ ಬಂದು, “ನಿಜ ಸಾರ್. ವಾಸನೆ ಬೇರೆ ಇದೆ” ಎಂದರು.

“ಸರಿಯಾಗಿರೋದು ಇಳಿಸಿದ ಮೇಲೆ ಹೇಳಿ ಕಳ್ಸಿ” ಎಂದು ಅವರು ಸ್ಕೂಟರ್ ಹತ್ತಿದರು.

ಭಾವ ಬೈದಿದ್ದರೆ ಆ ಬೈಗುಳವನ್ನು ಕಲಿತು ನಾಲ್ಕು ಜನಕ್ಕೆ ಮಾಡಿ ತೋರಿಸುತ್ತಿದ್ದೆ. ಬೈಯಲಿಲ್ಲ.

ಸೋಮವಾರ ಭಾವ ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆಂದು ಬಸ್‌ಸ್ಟಾಪಿಗೆ ಹೊರಟರು. ನಾನೂ ಹಿಂದೆಯೇ ಹೋದೆ. ಶೆಡ್ಡಿನ ಬೀಗದ ಕೈ ನನ್ನ ಕೈಗಿಟ್ಟು, “ಸಾಯಂಕಾಲ ಬರ್ತೀನಿ. ಅಷ್ಟರಲ್ಲಿ ಒಂದು ಮೂಟೆ ಆರಿಸಿಡು” ಎಂದರು. ಬಸ್ಸು ತಡವಾಯಿತು. ಹೋಗಲೂ ಆಗದೆ, ನಿಲ್ಲಲೂ ಆಗದೆ ಅವರ ಪಕ್ಕದಲ್ಲೇ ಇದ್ದೆ.