ತಪ್ಪು ಮುನಿರಾಜುವಿನ ಕೈಯದಲ್ಲ

2007ರಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಬೆಂಗಳೂರಿನಲ್ಲಿ ಒಬ್ಬ ಮೆಕ್ಯಾನಿಕ್ ಬಳಿ ಕೆಲಸ ಕಲಿತವನು ನಾನು. ಟಿವಿಗಳ ಜೊತೆಗೆ ಸುತ್ತಲಿನ ವಿಡಿಯೋ ಗೇಮ್ ಅಂಗಡಿಗಳ ಯಂತ್ರಗಳನ್ನೂ ನೋಡಿಕೊಳ್ಳುತ್ತಿದ್ದೆ. ಆ ಕೆಲಸದಲ್ಲಿ ನಾನು ಮಾಡಿದ ಒಂದು ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇವನಹಳ್ಳಿಯಲ್ಲಿ ಗೋವಿಂದಣ್ಣ ಎಂಬುವವರ ಗೇಮ್ ಅಂಗಡಿ ಇತ್ತು. ಆಗ ವಿಮಾನ ನಿಲ್ದಾಣದ ಕೆಲಸ ಭರದಿಂದ ನಡೆಯುತ್ತಿದ್ದುದರಿಂದ ಲಾರಿ ಚಾಲಕರು, ಯಂತ್ರ ಓಡಿಸುವವರು ಸಂಜೆ ಅಲ್ಲಿ ಸೇರುತ್ತಿದ್ದರು. ಅಂಗಡಿಯ ಯಂತ್ರಗಳೆಲ್ಲ ಹಳೆಯವು. ಮರದ ಪೆಟ್ಟಿಗೆ, ಒಳಗೆ ಪಿಕ್ಚರ್ ಟ್ಯೂಬು, ಮುಂದೆ ಜಾಯ್‌ಸ್ಟಿಕ್ಕು ಮತ್ತು ಬಟನ್ನುಗಳು. ಟ್ಯೂಬುಗಳು ಒಂದೊಂದಾಗಿ ಮಂಕಾಗುತ್ತಿದ್ದವು, ಬಿಡಿಭಾಗ ಸಿಗುತ್ತಿರಲಿಲ್ಲ. ನಾನೇ ಗೋವಿಂದಣ್ಣನಿಗೆ ದಾರಿ ಹೇಳಿದೆ. ಒಳಗೊಂದು ಕಂಪ್ಯೂಟರ್ ಇಟ್ಟು, ಹಳೆಯ ಆಟಗಳನ್ನು ಓಡಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿ, ಟ್ಯೂಬಿನ ಜಾಗದಲ್ಲಿ ಚಪ್ಪಟೆ ಎಲ್‌ಸಿಡಿ ಪರದೆ ಕೂರಿಸುವುದು. ಅದೇ ಆಟ, ಇನ್ನೂ ಚೆನ್ನಾದ ಚಿತ್ರ ಎಂದು ಭರವಸೆ ಕೊಟ್ಟೆ. ಅವರು ನನ್ನ ಮಾತನ್ನು ನಂಬಿ ಎಲ್ಲ ಪೆಟ್ಟಿಗೆಗಳನ್ನೂ ಬದಲಾಯಿಸಿದರು. ಬೇರೆ ಅಂಗಡಿಯವರೂ ನೋಡಲು ಬರತೊಡಗಿದರು.

ಬೂದಿಗೆರೆಯ ಮುನಿರಾಜು ಅಲ್ಲಿನ ಹೆಸರಾಂತ ಆಟಗಾರ. ವಿಮಾನ ನಿಲ್ದಾಣದ ಕೆಲಸದಲ್ಲಿ ಜೆಸಿಬಿ ಓಡಿಸುತ್ತಿದ್ದ. ಇಪ್ಪತ್ತೇಳರ ವಯಸ್ಸು. ತೂಬಗೆರೆಯ ಕಡೆ ಹೆಣ್ಣು ಗೊತ್ತಾಗಿತ್ತು. ಗುಂಡುಗಳ ಮಳೆಯ ನಡುವೆ ಪುಟ್ಟ ವಿಮಾನವನ್ನು ನುಸುಳಿಸುವ ಒಂದು ಆಟವಿತ್ತು. ಅದನ್ನು ಅವನು ಒಂದೇ ನಾಣ್ಯದಲ್ಲಿ ಕೊನೆಯವರೆಗೆ ಆಡುತ್ತಿದ್ದ. ಜನ ತಮ್ಮ ಆಟ ಬಿಟ್ಟು ಅವನ ಹಿಂದೆ ನಿಲ್ಲುತ್ತಿದ್ದರು.

ಹೊಸ ಪರದೆಯಲ್ಲಿ ಅವನು ಎರಡನೆಯ ಹಂತ ದಾಟಲಿಲ್ಲ. ಮರುದಿನವೂ ಅಷ್ಟೇ. ವಾರ ಕಳೆದರೂ ಅಷ್ಟೇ. ನಾನು ಅಂಗಡಿಗೆ ಹೋಗಿದ್ದ ಒಂದು ಸಂಜೆ ಅವನು ತಿರುಗಿ ಕೇಳಿದ, "ನಂಜುಂಡಣ್ಣ, ಈ ಸ್ಕ್ರೀನ್ ಏನಾದ್ರೂ ತಡ ಮಾಡ್ತದಾ?"

"ತಡ ಮಾಡಕ್ಕೆ ಅದೇನು ತೂಬಗೆರೆ ಬಸ್ಸೇನಪ್ಪಾ?" ಎಂದೆ. ಎಲ್ಲರೂ ನಕ್ಕರು.

"ಮದ್ವೆ ಹತ್ರ ಬಂತಲ್ಲ ಗುರು, ಮನಸ್ಸು ತೂಬಗೆರೇಲೈತೆ" ಎಂದು ಲಾರಿಯವನೊಬ್ಬ ಸೇರಿಸಿದ. ಮುನಿರಾಜು ನಗಲಿಲ್ಲ.

ಅವನ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಭಾನುವಾರ ಅಂಗಡಿಯಲ್ಲಿ ಪರೀಕ್ಷೆ ಮಾಡಿದೆ. ಒಂದೇ ಕಂಪ್ಯೂಟರಿನ ಸಿಗ್ನಲ್ಲನ್ನು ಎರಡಾಗಿ ಸೀಳಿ, ಒಂದನ್ನು ಹಳೆಯ ಟ್ಯೂಬ್ ಮಾನಿಟರಿಗೆ, ಇನ್ನೊಂದನ್ನು ಗೋವಿಂದಣ್ಣನಿಗೆ ಕೊಟ್ಟಂಥದೇ ಎಲ್‌ಸಿಡಿಗೆ ಜೋಡಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಸೆಕೆಂಡಿನ ನೂರನೆಯ ಭಾಗದವರೆಗೆ ಓಡುವ ಗಡಿಯಾರವನ್ನು ಪರದೆಯ ಮೇಲೆ ಬಿಟ್ಟು, ಡಿಜಿಟಲ್ ಕ್ಯಾಮೆರಾದಲ್ಲಿ ಎರಡೂ ಬರುವಂತೆ ಫೋಟೋ ತೆಗೆದೆ. ಟ್ಯೂಬಿನಲ್ಲಿ 41.38 ಇದ್ದಾಗ ಎಲ್‌ಸಿಡಿಯಲ್ಲಿ 41.31 ಇತ್ತು. ಮತ್ತೆ ಮತ್ತೆ ತೆಗೆದೆ. ಪ್ರತಿ ಸಲವೂ ಚಪ್ಪಟೆ ಪರದೆಯೇ ಹಿಂದೆ.

ಕಾರಣ ಸರಳ. ಟ್ಯೂಬು ಸಿಗ್ನಲ್ ಬಂದ ಹಾಗೆಯೇ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ. ಆ ಎಲ್‌ಸಿಡಿ ಬಂದ ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಹಿಡಿದಿಟ್ಟು, ತನ್ನ ಅಳತೆಗೆ ಹಿಗ್ಗಿಸಿ, ಆಮೇಲೆ ತೋರಿಸುತ್ತಿತ್ತು. ಬಟನ್ ಒತ್ತುವುದಕ್ಕೂ ಅದರ ಫಲ ಕಣ್ಣಿಗೆ ಕಾಣುವುದಕ್ಕೂ ನಡುವಿನ ಈ ಸಮಯವನ್ನು ಇನ್‌ಪುಟ್ ಲ್ಯಾಗ್ ಎನ್ನುತ್ತಾರೆ. ಎಮ್ಯುಲೇಟರ್ ಕೂಡ ತನ್ನ ಪಾಲು ಸೇರಿಸಿರಬಹುದು. ಅದನ್ನು ಅಳೆಯುವ ಉಪಾಯ ನನ್ನಲ್ಲಿರಲಿಲ್ಲ. ಹೊಸ ಹುಡುಗರಿಗೆ ಇದು ತಿಳಿಯುತ್ತಿರಲಿಲ್ಲ. ಹಳೆಯ ಪರದೆಯಲ್ಲಿ ಕೂದಲೆಳೆಯ ಅಂತರದಲ್ಲಿ ಗುಂಡು ತಪ್ಪಿಸುತ್ತಿದ್ದವನಿಗೆ ಮಾತ್ರ ಪ್ರತಿ ಸಲವೂ ಸಾವು.

ಈ ವಿಷಯ ಹೇಳಿದರೆ ಗೋವಿಂದಣ್ಣ ಪರದೆಗಳನ್ನೆಲ್ಲ ವಾಪಸ್ ಒಯ್ಯಲು ಹೇಳುತ್ತಾರೆ, ಬೇರೆ ಅಂಗಡಿಗಳ ಕೆಲಸವೂ ತಪ್ಪುತ್ತದೆ ಎಂದು ಹೆದರಿದೆ. ಆಟ ತಾನೇ, ಅಭ್ಯಾಸವಾಗುತ್ತದೆ ಎಂದುಕೊಂಡು ಸುಮ್ಮನಾದೆ.

ಕೆಲವು ದಿನಗಳ ಮೇಲೆ ಮುನಿರಾಜು ನನ್ನ ಅಂಗಡಿಗೇ ಬಂದ. ಪರೀಕ್ಷೆಗೆ ಜೋಡಿಸಿದ್ದ ಎರಡೂ ಪರದೆಗಳು ನನ್ನ ಬೆನ್ನ ಹಿಂದಿನ ಮೇಜಿನ ಮೇಲೇ ಇದ್ದವು. ಅವನು ಸ್ಟೂಲಿನ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದ. ಅವನ ತಂದೆಗೆ ಕೈನಡುಕದ ಕಾಯಿಲೆ. ಲೋಟ ಎತ್ತಲಾರದೆ ಮಗನ ಕೈಯಿಂದ ಕಾಫಿ ಕುಡಿಯುವ ಸ್ಥಿತಿ. ಇದು ನನಗೆ ಆವತ್ತೇ ತಿಳಿದದ್ದು.

"ನಮ್ಮಪ್ಪಂಗೂ ಮೊದ್ಲು ಕೈ ನಿಧಾನ ಆಗಿದ್ದು. ನಡುಕ ಆಮೇಲೆ ಬಂದಿದ್ದು" ಎಂದ. "ನಾನು ಗುಂಡಿ ತೋಡುವಾಗ ಕೆಳಗೆ ಆಳುಗಳಿರ್ತಾರೆ ಅಣ್ಣ. ಒಂದು ಮಾತು ಹೇಳ್ಬಿಡಿ. ಸ್ಕ್ರೀನಾ, ನನ್ನ ಕೈಯಾ?"

"ಸ್ಕ್ರೀನ್ ಸರಿಯಾಗೈತೆ" ಎಂದೆ. "ಯಾವುದಕ್ಕೂ ಡಾಕ್ಟರಿಗೆ ತೋರ್ಸು."

ಡಾಕ್ಟರು ಈಗ ಏನೂ ಕಾಣುತ್ತಿಲ್ಲ, ಆದರೆ ಶುರುವಿನಲ್ಲಿ ಗೊತ್ತಾಗುವುದು ಕಷ್ಟ ಎಂದರಂತೆ. ಮುನಿರಾಜುವಿಗೆ ಅಷ್ಟೇ ಸಾಕಾಯಿತು. ಜೆಸಿಬಿ ಬಿಟ್ಟ. ತೂಬಗೆರೆಗೆ ತಾನೇ ಹೋಗಿ, ನಿಮ್ಮ ಮಗಳು ನನ್ನ ಬಾಯಿಗೆ ಲೋಟ ಹಿಡಿಯುವುದು ಬೇಡ ಎಂದು ಹೇಳಿ ಸಂಬಂಧ ಮುರಿದುಕೊಂಡು ಬಂದ. ಈ ಸುದ್ದಿಯನ್ನು ಗೋವಿಂದಣ್ಣ ನನಗೆ ಹೇಳಿದಾಗಲೂ ಕಾಲ ಮಿಂಚಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಆ ಹುಡುಗಿಗೆ ಮುಂದಿನ ವರ್ಷ ಬೇರೆ ಕಡೆ ಮದುವೆಯಾಯಿತು. ಮುನಿರಾಜು ಒಂದು ಗೋದಾಮಿನ ಕಾವಲಿಗೆ ಸೇರಿದ.

ಗೋವಿಂದಣ್ಣ ತೀರಿಕೊಂಡರು. ಗೇಮ್ ಅಂಗಡಿಗಳು ಮುಚ್ಚಿದವು, ನನ್ನದೂ ಮುಚ್ಚಿತು. ಕಳೆದ ವರ್ಷ ನನಗೆ ಹೃದಯದ ಆಪರೇಷನ್ ಆದ ಮೇಲೆ ಮುನಿರಾಜುವನ್ನು ನೋಡಲು ಬೂದಿಗೆರೆಗೆ ಹೋದೆ. ಅವನ ತಂದೆ ಸತ್ತು ಬಹಳ ಕಾಲವಾಗಿತ್ತು. ಮುನಿರಾಜು ಒಬ್ಬನೇ ಇದ್ದ. ತುಂಬಿದ ಲೋಟದಲ್ಲಿ ಕಾಫಿ ತಂದುಕೊಟ್ಟ. ಒಂದು ಹನಿ ತುಳುಕಲಿಲ್ಲ. ಎಲ್ಲವನ್ನೂ ಹೇಳಿದೆ.

ಅವನು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿದ. ಬೈಯಲಿಲ್ಲ.

"ಇಷ್ಟು ವರ್ಷ ದಿನಾ ಬೆಳಿಗ್ಗೆ ಎದ್ದು ಕೈ ಚಾಚಿ ನೋಡ್ಕೊಂಡಿದೀನಿ" ಎಂದ. "ನಡುಕ ಬರ್ಲಿಲ್ಲ. ಇವತ್ತು ಬರ್ದಿದ್ರೆ ನಾಳೆ ಬರ್ತದೆ, ನಾನು ಮಾಡಿದ್ದು ಸರಿ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಇನ್ಮೇಲೆ ಏನಂತ ಸಮಾಧಾನ ಮಾಡ್ಕೊಳ್ಳಲಿ ಅಣ್ಣ?"

ಲೋಟ ಕೆಳಗಿಟ್ಟು ಹೊರಡಲು ಎದ್ದೆ. ಬಾಗಿಲವರೆಗೆ ಬಂದು ಅವನು ಒಂದೇ ಒಂದು ಕೇಳಿಕೊಂಡ. "ತೂಬಗೆರೆ ಆಯಮ್ಮ ಮಕ್ಕಳು ಮರಿ ಜೊತೆ ಚೆನ್ನಾಗವ್ರೆ. ಈ ಸುದ್ದಿ ಅವ್ರ ಕಿವಿಗೆ ಬೀಳೋದು ಬೇಡ." ಅದಕ್ಕಾಗಿ ಇಲ್ಲಿ ಊರು, ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ.

ದೋಷ ಎಲ್ಲಿದೆ ಎಂದು ಹುಡುಕುವುದೇ ಮೆಕ್ಯಾನಿಕ್‌ನ ಕೆಲಸ ಎಂದು ಬದುಕೆಲ್ಲ ತಿಳಿದಿದ್ದೆ. ಹುಡುಕಿದ್ದನ್ನು ಕೇಳಲು ಬಂದವನಿಗೆ ಹೇಳಿದರೆ ಮಾತ್ರ ಆ ಕೆಲಸ ಮುಗಿಯುತ್ತದೆ. ಬೂದಿಗೆರೆಯಿಂದ ಬಸ್ಸಿನಲ್ಲಿ ಹಿಂತಿರುಗುವಾಗ ನನ್ನ ಎದೆ ಹಗುರಾಗಿದ್ದು ನಿಜ. ಆ ಹಗುರಕ್ಕೆ ನನಗೆ ನಾಚಿಕೆಯಾಯಿತು. ಮುನಿರಾಜುವಿಗೆ ಉಳಿದಿದ್ದ ಆ ಒಂದು ಸಮಾಧಾನವನ್ನೂ ಕಿತ್ತುಕೊಂಡು ಬಂದಿದ್ದೆ.