ಇಂಗಿನ ಮೇಲೆ ಬಂದ ಅಪವಾದ

ನಮ್ಮ ಹಳೆಯ ವ್ಯಾನು ಅಡುಗೆ ಗ್ಯಾಸಿನಲ್ಲೇ ಓಡುತ್ತದೆ. ಅದರೊಳಗೆ ಗಬ್ಬು ವಾಸನೆ ಬರತೊಡಗಿದಾಗ ನನ್ನ ಗಂಡ ಅವರಮ್ಮನ ಇಂಗನ್ನು ದೂರಿದರು. ಇಲ್ಲಿ ಅಮೆರಿಕದಲ್ಲಿ, ಸ್ಯಾನ್ ಹೊಸೆಯ ಇಂಡಿಯನ್ ಗ್ರೋಸರಿಯಿಂದ ಬರುವಾಗ ಇಂಗಿನ ಡಬ್ಬಿ ಸೀಟಿನ ಮೇಲೆ ಚೆಲ್ಲಿದ್ದು ನಿಜ. ಅತ್ತೆ ಸೀಟನ್ನು ಉಜ್ಜಿ ತೊಳೆದರು, ಡಬ್ಬಿಯನ್ನು ಕಸಕ್ಕೆ ಹಾಕಿದರು, ಸಾರಿಗೆ ಇಂಗು ಹಾಕುವುದನ್ನೇ ಬಿಟ್ಟರು. ವಾಸನೆ ಮಾತ್ರ ಹೋಗಲಿಲ್ಲ.

“ಸೀಟಿಗೇ ಹಿಡ್ಕೊಂಡಿದೆ ಕಣೇ, ಕ್ಲೀನಿಂಗಿಗೆ ಕೊಡೋಣ,” ಎಂದರು ಗಂಡ.

“ಇದು ಗ್ಯಾಸ್ ಲೀಕು. ಎಲ್ಲೀಂತ ನಾನು ಹುಡುಕ್ತೀನಿ, ಅಲ್ಲೀವರೆಗೂ ಯಾರೂ ಗಾಡಿ ಮುಟ್ಟಬೇಡಿ,” ಎಂದೆ.

ಊರಿನಲ್ಲಿ ಸಿಲಿಂಡರ್ ಬದಲಿಸಿದಾಗಲೆಲ್ಲ ಸೋಪಿನ ನೀರು ಹಚ್ಚಿ ನೋಡಿಯೇ ಬೆಳೆದವಳು ನಾನು. ಭಾನುವಾರ ಮನೆಯ ಮುಂದೆ ವ್ಯಾನಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಪೈಪಿನ ಒಂದೊಂದು ಜಾಯಿಂಟಿಗೂ ಬ್ರಶ್ಶಿನಿಂದ ಸೋಪಿನ ನೀರು ಹಚ್ಚುತ್ತ ಹೋದೆ. ಗಂಡ ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಆ ನಗು ಕಂಡು ನನ್ನ ಹಠ ಇನ್ನೂ ಹೆಚ್ಚಾಯಿತು. ಸೊಂಟ ಬಿದ್ದುಹೋಗುವ ಹೊತ್ತಿಗೆ ಟ್ಯಾಂಕಿನ ಹಿಂದಿನ ಜಾಯಿಂಟಿನಲ್ಲಿ ನೊರೆ ಗುಳುಗುಳು ಉಬ್ಬಿತು. ವಾಲ್ವು ಮುಚ್ಚಿ, ಬಿರುಕು ಬಿಟ್ಟಿದ್ದ ರಬ್ಬರ್ ಸೀಲನ್ನು ಕಿತ್ತು ಹೊಸದನ್ನು ಹಾಕಿದೆ. ವಾಲ್ವು ತೆರೆದು ಮತ್ತೆ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ, ಅತ್ತೆ ಆ ಹಳೆಯ ಸೀಲನ್ನು ತಂದು ಅವರ ಖಾಲಿ ತಟ್ಟೆಯಲ್ಲಿಟ್ಟರು.

“ಮೊದ್ಲು ಹೋಗಿ ಇಂಗು ತಗೊಂಡ್ಬಾ. ಆಮೇಲೆ ಸಾರು.”